ರಷ್ಯನ್ ಕ್ರಿಯಾಪದವೂ ಕನ್ನಡದ ವಿದ್ಯಾರ್ಥಿಯೂ

ಮೈಸೂರಿನ ಕೈಗಾರಿಕಾ ಪ್ರದೇಶವಾದ ಹೂಟಗಳ್ಳಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಮನೆ ಸೇರಿದವನೂ ಇಂದು ಅಂತರ್ಜಾಲದ ಸಂಜೆ ತರಗತಿಗಳ ಮೂಲಕ ರಷ್ಯನ್ ಭಾಷೆಯನ್ನು ಕಲಿಯಬಹುದಾಗಿದೆ. ಇಲ್ಲಿ ರಾತ್ರಿ 8 ಗಂಟೆಯಾದಾಗ ಮಾಸ್ಕೋದಲ್ಲಿ ಸಂಜೆ 5-30. ಅಲ್ಲಿನ ಅಧ್ಯಾಪಕರಿಗೂ ಹೊತ್ತು ಅನುಕೂಲವೇ. ದಣಿವಿನ ಮೇಲೆ ದೊರೆಯುವ ಆ ಒಂದು ಗಂಟೆಯನ್ನು ಮಧ್ಯಮ ಘಟ್ಟದಲ್ಲಿ ಯಾವುದಕ್ಕೆ ವಿನಿಯೋಗಿಸಬೇಕೆಂಬುದೇ ಪ್ರಶ್ನೆ.

ವಿಭಕ್ತಿಗಳಿಗಲ್ಲವೆಂದು ನಮ್ಮ ಅಭಿಪ್ರಾಯ. ರಷ್ಯನ್ನಿನ ಆರು ವಿಭಕ್ತಿಗಳು ಇಂಗ್ಲಿಷರನ್ನು ಹೆದರಿಸಿದಂತೆ 'ಶಬ್ದಮಣಿದರ್ಪಣ'ದ ನಾಡಿನವರನ್ನು ಹೆದರಿಸಬೇಕಾಗಿಲ್ಲ. ಎಡವಿಸುವುದು ಕ್ರಿಯೆಯ ಪೂರ್ಣ, ಅಪೂರ್ಣ ಎಂಬ ಭೇದ. 'ಚಿತಾಲ್' ಎಂದರೂ ಓದಿದನು, 'ಪ್ರಚಿತಾಲ್' ಎಂದರೂ ಓದಿದನು. ಆದರೆ ಮೊದಲನೆಯದು ಓದುತ್ತಿದ್ದುದನ್ನು ಅಥವಾ ಓದಿದ್ದುಂಟೆಂಬುದನ್ನು ತಿಳಿಸಿದರೆ, ಎರಡನೆಯದು ಓದಿ ಮುಗಿಸಿದುದನ್ನು ಹೇಳುತ್ತದೆ. ಕನ್ನಡಿಗನು ಇದಕ್ಕೆ 'ಓದಿಬಿಟ್ಟನು' ಎಂಬುದನ್ನು ಹೊಂದಿಸಿಕೊಳ್ಳುವುದು ಸಹಜ. ಹೋಲಿಕೆ ಉಪಯುಕ್ತವೇ ಹೌದು. ಆದರೆ ನಮ್ಮ 'ಬಿಡು'ವಿನಲ್ಲಿ ಅವಸರ, ಪಶ್ಚಾತ್ತಾಪ, ಅನಿರೀಕ್ಷಿತತೆಗಳೂ ಬೆರೆತಿರುತ್ತವೆ. ರಷ್ಯನ್ನಿನ ಪೂರ್ಣರೂಪಕ್ಕೆ ಈ ಭಾವಗಳ ಹಂಗಿಲ್ಲ. ನಿಷೇಧದಲ್ಲಂತೂ ಹೋಲಿಕೆಯೇ ಮುರಿದುಬೀಳುತ್ತದೆ: 'ಓದಿಬಿಡಲಿಲ್ಲ' ಎಂದರೆ ಕನ್ನಡವಾಗದು, 'ಓದಿ ಮುಗಿಸಲಿಲ್ಲ' ಎನ್ನಬೇಕು. ಪೂರ್ಣಕ್ರಿಯೆಗೆ ವರ್ತಮಾನಕಾಲವೂ ಇಲ್ಲ. ವರ್ತಮಾನದ ಪ್ರತ್ಯಯಗಳನ್ನು ಹತ್ತಿಸಿದರೆ ಒದಗುವುದು ಭವಿಷ್ಯತ್ತಿನ ಅರ್ಥ! ಆದುದರಿಂದ ಪ್ರತಿಯೊಂದು ಕ್ರಿಯಾಪದವನ್ನೂ ಜೋಡಿಯಾಗಿಯೇ, ವಾಕ್ಯದೊಳಗಿಟ್ಟು ಕಲಿಯುವುದು ಲೇಸು.

ದೂರದಿಂದ ಕಲಿಯುವವರಿಗೆ ಇನ್ನೊಂದು ತೊಡಕುಂಟು. 'ಸಹೋದರ' ಮತ್ತು 'ತೆಗೆದುಕೊಳ್ಳು' ಎಂಬರ್ಥದ ಎರಡು ಪದಗಳೂ 'ಬ್ರಾತ್' ಎಂದೇ ಕೇಳಿಸುತ್ತವೆ; ಎರಡನೆಯದರ ಕೊನೆಯ ತಕಾರಕ್ಕೆ ಮಾತ್ರ ಯಕಾರದ ಸೋಂಕಿದೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಅದು ಅಳಿಸಿಹೋಗುವ ಸಂಭವವಿರುವುದರಿಂದ, ಈ ಪಾಠಗಳನ್ನು ಇಯರ್‌ಫೋನಿನಲ್ಲಿಯೇ ಕೇಳಬೇಕು.