ಏಪ್ರಿಲ್‌ನ ಬೌಲಿಂಗ್, ಜೂನ್‌ನ ಬೆನ್ನುನೋವು

ಮಾರ್ಚ್ ಮುಗಿಯುತ್ತಿದ್ದಂತೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಬೇಸಿಗೆ ಕ್ರಿಕೆಟ್ ಶಿಬಿರದ ಫ್ಲೆಕ್ಸುಗಳು ಏಳುತ್ತವೆ. ವಾರಕ್ಕೆ ಆರು ದಿನ, ಬೆಳಗ್ಗೆ ಒಂದು ಸೆಷನ್, ಸಂಜೆ ಇನ್ನೊಂದು, ಕೊನೆಗೊಂದು ಪಂದ್ಯಾವಳಿ, ಟೀ-ಶರ್ಟು, ಪ್ರಮಾಣಪತ್ರ. ಶುಲ್ಕ ಕಟ್ಟುವ ಅಪ್ಪ-ಅಮ್ಮಂದಿರ ಮೊದಲ ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಆಡಿಸುತ್ತೀರಿ? ಕೊಟ್ಟ ದುಡ್ಡಿಗೆ ಗಂಟೆ ಹೆಚ್ಚಿದಷ್ಟೂ ಲಾಭ ಎಂಬ ಲೆಕ್ಕ ಅವರದು. ಪ್ರೌಢಶಾಲೆಯ ವೇಗದ ಬೌಲರ್‌ಗಳ ಮಟ್ಟಿಗೆ ಈ ಲೆಕ್ಕ ತಪ್ಪು. ತಪ್ಪು ಎಂದು ತೋರಿಸುವ ಸಂಶೋಧನೆ ಮೂರೂವರೆ ದಶಕಗಳಿಂದ ನಮ್ಮ ಮುಂದಿದೆ.

ಶಿಬಿರಗಳನ್ನು ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 11ರಿಂದ 17 ವರ್ಷದ ಭಾರತೀಯ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ದಿನಕ್ಕೊಂದು ಗಂಟೆಯ ದೈಹಿಕ ಚಟುವಟಿಕೆಯೂ ಸಿಗುತ್ತಿಲ್ಲ. ಮೊಬೈಲು ಬಿಟ್ಟು ಮೈದಾನಕ್ಕೆ ಬಂದ ಮಗುವಿಗೆ, ಬ್ಯಾಟು ಬೀಸಿ, ಓಡಾಡಿ, ಬೆವರಿ ಮನೆಗೆ ಹೋಗುವ ಮಗುವಿಗೆ ಶಿಬಿರದಿಂದ ಒಳ್ಳೆಯದೇ ಆಗುತ್ತದೆ. ನನ್ನ ಆತಂಕ ಇರುವುದು ಶಾಲಾ ತಂಡದಲ್ಲಿ ಈಗಾಗಲೇ ಇರುವ, ‘ಹುಡುಗನಿಗೆ ಪೇಸ್ ಇದೆ’ ಎಂದು ಹೆಸರು ಮಾಡಿದ ಹದಿಮೂರು-ಹದಿನೈದರ ಬೌಲರ್‌ಗಳ ಬಗ್ಗೆ. ಶಿಬಿರದಲ್ಲಿ ಎಲ್ಲರಿಗಿಂತ ಹೆಚ್ಚು ಚೆಂಡು ಎಸೆಯುವವರು ಅವರು. ಬ್ಯಾಟರ್‌ಗಳಿಗೆ ಅಭ್ಯಾಸ ಆಗಬೇಕೆಂದರೆ ಯಾರಾದರೂ ಎಸೆಯಲೇಬೇಕಲ್ಲ!

ವೇಗದ ಬೌಲರ್‌ನ ಮುಂಗಾಲು ಕ್ರೀಸಿಗೆ ಅಪ್ಪಳಿಸುವ ಕ್ಷಣದಲ್ಲಿ ನೆಲ ಅವನ ದೇಹಕ್ಕೆ ಹಿಂದಿರುಗಿಸುವ ಬಲ ದೇಹತೂಕದ ಐದಾರು ಪಟ್ಟು ಇರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಈ ಮೂರೂ ಒಟ್ಟಿಗೆ ಬಂದು ಬೀಳುವುದು ಸೊಂಟದ ಕೊನೆಯ ಎರಡು ಮೂಳೆಮಣಿಗಳ ಹಿಂಭಾಗದ ಒಂದು ಕಿರಿದಾದ ಎಲುಬಿನ ಮೇಲೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಇದಕ್ಕೇ ಸ್ಟ್ರೆಸ್ ಫ್ರಾಕ್ಚರ್ ಎನ್ನುವುದು. ಬಿದ್ದು ಮುರಿದುಕೊಂಡದ್ದಲ್ಲ, ಮತ್ತೆ ಮತ್ತೆ ಬಿದ್ದ ಸಣ್ಣ ಹೊಡೆತಗಳು ಸೇರಿ ಆದದ್ದು. ಆ ಎಲುಬು ಪೂರ್ತಿ ಗಟ್ಟಿಯಾಗುವುದು ಇಪ್ಪತ್ತು ದಾಟಿದ ಮೇಲೆ. ಹುಡುಗರು ಸರ್ರನೆ ಎತ್ತರವಾಗುವ ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಂತೂ ಮೂಳೆ ಮೊದಲು ಉದ್ದವಾಗುತ್ತದೆ, ಅದರೊಳಗೆ ಖನಿಜ ತುಂಬಿಕೊಳ್ಳುವುದು ಆಮೇಲೆ. ನೋಡುವವರಿಗೆ ಆಳೆತ್ತರದ ಬೌಲರ್. ಒಳಗಿನ ಮೂಳೆ ಇನ್ನೂ ಆ ಎತ್ತರಕ್ಕೆ ಸಿದ್ಧವಾಗಿಲ್ಲ.

1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು ಸರಾಸರಿ 16.8 ವರ್ಷದ 82 ಯುವ ವೇಗದ ಬೌಲರ್‌ಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿದರು. ಋತು ಮುಗಿಯುವಷ್ಟರಲ್ಲಿ ಶೇ 11ರಷ್ಟು ಮಂದಿಯ ಬೆನ್ನುಮಣಿಯಲ್ಲಿ ಬಿರುಕು ಬಿಟ್ಟಿತ್ತು. ಮತ್ತೆ ಶೇ 27ರಷ್ಟು ಮಂದಿಗೆ ಬೆನ್ನಿನ ಸ್ನಾಯು, ಅಂಗಾಂಶಗಳ ಗಾಯ. ಎಸೆಯುವ ಶೈಲಿಯೂ ಕಾರಣವಾಗಿತ್ತು, ಎಸೆದ ಪ್ರಮಾಣವೂ ಕಾರಣವಾಗಿತ್ತು. ಆಸ್ಟ್ರೇಲಿಯಾದಲ್ಲೇ ನಡೆದು 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅದರಲ್ಲಿದ್ದ 44 ಹುಡುಗರ ಸರಾಸರಿ ವಯಸ್ಸು 14.7, ಅಂದರೆ ನಮ್ಮ ಒಂಬತ್ತನೇ ತರಗತಿ. ಬೌಲಿಂಗ್ ಮಾಡಿದ ದಿನಗಳ ನಡುವೆ ಸರಾಸರಿ ಮೂರೂವರೆ ದಿನಕ್ಕಿಂತ ಕಡಿಮೆ ಅಂತರ ಇದ್ದವರಿಗೆ ಗಾಯದ ಅಪಾಯ ಮೂರು ಪಟ್ಟು ಹೆಚ್ಚಿತ್ತು. 44 ಮಂದಿ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ದೊಡ್ಡ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸುತ್ತವೆ, ಅವು ಮುಂದೆ ಬರುತ್ತವೆ.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ನಿಯಮ ಹೀಗಿದೆ: 14 ಮತ್ತು 15 ವರ್ಷದೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ನಲ್ಲಿ 6 ಓವರ್, ದಿನಕ್ಕೆ 12 ಓವರ್. ಏಳು ದಿನಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ಎಸೆಯುವಂತಿಲ್ಲ, ಸತತವಾಗಿ ಎರಡು ದಿನ ದಾಟುವಂತಿಲ್ಲ. ಈಗ ನಮ್ಮ ಶಿಬಿರದ ಲೆಕ್ಕ ಹಾಕಿ. ಒಂದು ನೆಟ್‌ನಲ್ಲಿ ಐವರು ಬೌಲರ್‌ಗಳು, ಅರ್ಧ ನಿಮಿಷಕ್ಕೊಂದು ಚೆಂಡು ಎಂದಿಟ್ಟುಕೊಂಡರೂ ಒಬ್ಬನಿಗೆ ಗಂಟೆಗೆ 24 ಚೆಂಡು ಬರುತ್ತದೆ. ಎರಡು ಗಂಟೆಯ ಎರಡು ಸೆಷನ್‌ಗೆ 96 ಚೆಂಡು, ಅಂದರೆ ದಿನಕ್ಕೆ 16 ಓವರ್. ಆರು ದಿನಕ್ಕೆ 96 ಓವರ್. ಇಂಗ್ಲೆಂಡಿನ ಗರಿಷ್ಠ ಮಿತಿಯಲ್ಲೇ ಎಸೆದರೂ ವಾರಕ್ಕೆ 48 ಓವರ್ ದಾಟುವುದಿಲ್ಲ. ಅದೂ ಗರಿಷ್ಠ ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ.

ಇದಕ್ಕೆ ನಮ್ಮದೇ ಆದ ಇನ್ನೊಂದು ಸಮಸ್ಯೆ ಸೇರಿಕೊಳ್ಳುತ್ತದೆ: ಪರೀಕ್ಷೆ. ಫೆಬ್ರುವರಿಯಿಂದಲೇ ಸ್ಪೆಷಲ್ ಕ್ಲಾಸು, ಪ್ರಿಪರೇಟರಿ, ಮಾರ್ಚ್‌ನಲ್ಲಿ ಪರೀಕ್ಷೆ. ಕಿಟ್ ಮಂಚದ ಕೆಳಗೆ ಹೋಗಿರುತ್ತದೆ. ಆರೆಂಟು ವಾರ ಒಂದು ಚೆಂಡನ್ನೂ ಎಸೆಯದ ಹುಡುಗ ಏಪ್ರಿಲ್ ಮೊದಲ ವಾರದಲ್ಲಿ ಏಕಾಏಕಿ ದಿನಕ್ಕೆ ನೂರು ಚೆಂಡಿನ ಹತ್ತಿರ ಬರುತ್ತಾನೆ. ಮೂಳೆಗೆ ಇದಕ್ಕಿಂತ ಕೆಟ್ಟ ವೇಳಾಪಟ್ಟಿಯನ್ನು ಬೇಕೆಂದೇ ಕೂತು ಬರೆದರೂ ಬರೆಯಲಾಗದು.

ಏಕೆಂದರೆ ಹೊಸ ಭಾರಕ್ಕೆ ಮೂಳೆ ಹೊಂದಿಕೊಳ್ಳುವ ಕ್ರಮವೇ ಹಾಗಿದೆ. ಮೊದಲು ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕೆ ಇಳಿಯುತ್ತವೆ, ಅದಕ್ಕೆ ಸುಮಾರು ಮೂರು ವಾರ. ಆ ಜಾಗದಲ್ಲಿ ಹೊಸ ಮೂಳೆ ಕಟ್ಟಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಡಾಂಬರು ಹಾಕುವುದಕ್ಕೆಂದು ಪಾಲಿಕೆಯವರು ರಸ್ತೆ ಅಗೆದು ಬಿಟ್ಟಿರುತ್ತಾರಲ್ಲ, ನಡುವಿನ ಅವಧಿಯಲ್ಲಿ ಮೂಳೆಯ ಸ್ಥಿತಿ ಅದು. ಶಿಬಿರದ ಮೂರನೇ, ನಾಲ್ಕನೇ ವಾರ, ಅಂದರೆ ಪಂದ್ಯಾವಳಿ ಇಟ್ಟುಕೊಳ್ಳುವ ವಾರವೇ ಮೂಳೆ ಅತ್ಯಂತ ದುರ್ಬಲವಾಗಿರುವ ವಾರ. ಇದೇನೂ ಹೊಸ ಜ್ಞಾನವಲ್ಲ. ದೀರ್ಘ ಕವಾಯತಿನ ಸೈನಿಕರ ಪಾದಗಳು ಊದಿ ನೋಯುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ ದಾಖಲಿಸಿದ್ದು 1855ರಲ್ಲಿ. ಹೊಸದಾಗಿ ಸೇನೆಗೆ ಸೇರಿದವರ ತರಬೇತಿಯ ಮೊದಲ ವಾರಗಳಲ್ಲಿ ಇಂಥ ಬಿರುಕುಗಳು ಗುಂಪಾಗಿ ಕಾಣಿಸಿಕೊಳ್ಳುತ್ತವೆ ಎಂಬುದು ಸೇನಾ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ.

ಇದರ ಅತ್ಯಂತ ಮೋಸದ ಭಾಗ ಎಂದರೆ ತಡವಾಗಿ ಬರುವ ನೋವು. 2009ರಲ್ಲಿ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಉನ್ನತ ಮಟ್ಟದ ವೇಗದ ಬೌಲರ್‌ಗಳ ದಾಖಲೆ ಪರಿಶೀಲಿಸಿದಾಗ, ಒಂದೇ ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಎಸೆದವರಿಗೆ ಮುಂದಿನ ಮೂರು-ನಾಲ್ಕು ವಾರಗಳವರೆಗೆ ಗಾಯದ ಅಪಾಯ ಹೆಚ್ಚಿಯೇ ಇತ್ತು. ಅತಿಯಾಗಿ ಎಸೆದ ದಿನ ಏನೂ ಆಗುವುದಿಲ್ಲ. ಹುಡುಗ ನಗುನಗುತ್ತ ಪ್ರಮಾಣಪತ್ರ ತೆಗೆದುಕೊಂಡು ಹೋಗುತ್ತಾನೆ. ಜೂನ್‌ನಲ್ಲಿ ಶಾಲೆ ಶುರುವಾಗಿ, ಬೆಂಚಿನ ಮೇಲೆ ಕೂತಾಗ ಸೊಂಟ ಹಿಡಿದುಕೊಳ್ಳುತ್ತದೆ. ಬ್ಯಾಗಿನ ಭಾರ ಇರಬೇಕು ಎನ್ನುತ್ತಾರೆ ಮನೆಯವರು. ಶಿಬಿರ ನಡೆಸಿದವರಿಗೆ ಸುದ್ದಿಯೇ ತಲುಪುವುದಿಲ್ಲ. ಹಾಗಾಗಿ ‘ನಮ್ಮಲ್ಲಿ ಇದುವರೆಗೆ ಯಾರಿಗೂ ಏನೂ ಆಗಿಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಆ ಮಾತಿನಿಂದ ಯಾವುದೂ ಸಾಬೀತಾಗುವುದಿಲ್ಲ.

ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಅಮೆರಿಕದ ಬೇಸ್‌ಬಾಲ್ ತೋರಿಸಿಬಿಟ್ಟಿದೆ. ಅಲ್ಲಿನ ಪ್ರೌಢಶಾಲಾ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಶಾಲಾ ಋತು ಮುಗಿದ ಮೇಲೆ ಖಾಸಗಿ ಅಕಾಡೆಮಿ, ಪ್ರವಾಸಿ ತಂಡ, ಆಯ್ಕೆದಾರರ ಮುಂದೆ ತೋಳಿನ ವೇಗ ಪ್ರದರ್ಶಿಸುವ ಶಿಬಿರ ಎಂದು ವರ್ಷವಿಡೀ ಎಸೆಯತೊಡಗಿದರು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಭುಜ ಇಲ್ಲವೇ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ 95 ಹದಿಹರೆಯದ ಪಿಚರ್‌ಗಳನ್ನು ಗಾಯವಾಗದ 45 ಮಂದಿಯ ಜೊತೆ ಹೋಲಿಸಿತು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸ್ಪರ್ಧಾತ್ಮಕವಾಗಿ ಎಸೆದವರು ಶಸ್ತ್ರಚಿಕಿತ್ಸೆಯ ಮೇಜು ಸೇರುವ ಸಂಭವ ಐದು ಪಟ್ಟು. ದಣಿದ ತೋಳಿನಲ್ಲೇ ಎಸೆಯುವ ಅಭ್ಯಾಸ ಇದ್ದವರಿಗೆ 36 ಪಟ್ಟು. ಗಾಯಗೊಂಡವರು ಆ ಪ್ರದರ್ಶನ ಶಿಬಿರಗಳಿಗೂ ಹೆಚ್ಚಾಗಿ ಹೋಗಿದ್ದರು. 481 ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿದ 2011ರ ಅಧ್ಯಯನದಲ್ಲಿ, ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ಗಂಭೀರ ಗಾಯದ ಸಂಭವ ಮೂರೂವರೆ ಪಟ್ಟು. ಮೊಣಕೈಯ ಅಸ್ಥಿರಜ್ಜು ಕಸಿ ಮಾಡುವ ‘ಟಾಮಿ ಜಾನ್’ ಶಸ್ತ್ರಚಿಕಿತ್ಸೆಯನ್ನು 1974ರಲ್ಲಿ ಮೊದಲು ಮಾಡಿದ್ದು ಮೂವತ್ತು ದಾಟಿದ ವೃತ್ತಿಪರ ಆಟಗಾರನಿಗೆ. 2007ರಿಂದ 2011ರವರೆಗೆ ಅಮೆರಿಕದಲ್ಲಿ ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಿಮಾ ದಾಖಲೆಗಳನ್ನು ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು, ಶೇ 56.7ರಷ್ಟು ಮಂದಿ 15ರಿಂದ 19 ವರ್ಷದವರು. 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಎಚ್ಚೆತ್ತು, ಎಳೆಯ ಪಿಚರ್‌ಗಳು ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಚೆಂಡು ಎಸೆಯಬಾರದು ಎಂಬ ಮಾರ್ಗಸೂಚಿ ಹೊರಡಿಸಿತು. ಅಷ್ಟು ಹೊತ್ತಿಗೆ ಒಂದು ಪೀಳಿಗೆಯ ಮೊಣಕೈಗಳು ಹೋಗಿದ್ದವು.

ನಾವು ಅದೇ ದಾರಿಯಲ್ಲಿದ್ದೇವೆ. ಬೇಸಿಗೆ ಶಿಬಿರದ ಹಿಂದೆ ದಸರಾ ಶಿಬಿರ, ಅದರ ಹಿಂದೆ ವಾರಾಂತ್ಯದ ಅಕಾಡೆಮಿ, ನಡುನಡುವೆ ಖಾಸಗಿ ಲೀಗು. ಒಬ್ಬನೇ ಹುಡುಗ ಶಾಲೆಗೂ ಕ್ಲಬ್ಬಿಗೂ ಅಕಾಡೆಮಿಗೂ ಆಡುತ್ತಾನೆ. ಮೂವರು ಕೋಚ್‌ಗಳೂ ತಮ್ಮ ತಮ್ಮ ಓವರುಗಳನ್ನಷ್ಟೇ ನೋಡುತ್ತಾರೆ, ಮೂರನ್ನೂ ಕೂಡಿಸುವವರು ಯಾರೂ ಇಲ್ಲ. ಕಾನೂನೂ ಇಲ್ಲಿ ನೆರವಿಗೆ ಬರುವುದಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ತಂದಿತಲ್ಲ, ಅದರ ವ್ಯಾಖ್ಯೆಯಲ್ಲೇ ಕ್ರೀಡೆಯನ್ನು ಹೊರಗಿಡಲಾಗಿದೆ. ಗಣಿತ ಹೇಳಿಕೊಡುವವರಿಗೆ ಇರುವ ಕಟ್ಟುಪಾಡು ಬೆನ್ನುಮೂಳೆಯ ಜೊತೆ ವ್ಯವಹರಿಸುವವರಿಗೆ ಇಲ್ಲ.

ದೊಡ್ಡ ಆಟಗಾರನಾಗಬೇಕಾದರೆ ಇಷ್ಟೆಲ್ಲ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೂ ಪುರಾವೆ ಇದೆ, ಆದರೆ ಅದು ಅವರು ಬಯಸಿದ ಹಾಗಿಲ್ಲ. ಅರ್ನೆ ಗ್ಯೂಲಿಶ್ ಮತ್ತು ಸಂಗಡಿಗರು 6,096 ಕ್ರೀಡಾಪಟುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಮಾಡಿದ, 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎರಡು ಬೇರೆ ಬೇರೆ ಚಿತ್ರಗಳಿವೆ. ಕಿರಿಯರ ಮಟ್ಟದಲ್ಲಿ ಗೆದ್ದವರು ಬೇಗ ಶುರುಮಾಡಿದವರು, ಒಂದೇ ಆಟವನ್ನು ಹೆಚ್ಚು ಅಭ್ಯಾಸ ಮಾಡಿದವರು. ವಿಶ್ವಮಟ್ಟಕ್ಕೆ ಏರಿದ ಹಿರಿಯರಾದರೋ ತಮ್ಮ ಆಟವನ್ನು ತಡವಾಗಿ ಆರಂಭಿಸಿದವರು, ಬಾಲ್ಯದಲ್ಲಿ ಬೇರೆ ಬೇರೆ ಆಟ ಆಡಿದವರು, ಮೊದಮೊದಲು ನಿಧಾನವಾಗಿ ಮುಂದೆ ಬಂದವರು. ಹದಿನಾಲ್ಕರ ಟ್ರೋಫಿಗೂ ಇಪ್ಪತ್ತೈದರ ಯಶಸ್ಸಿಗೂ ಬೇರೆ ಬೇರೆ ದಾರಿ. ಶಿಬಿರ ಮಾರುವುದು ಮೊದಲನೆಯದನ್ನು, ಅಪ್ಪ-ಅಮ್ಮ ಕೊಳ್ಳುತ್ತೇವೆಂದುಕೊಳ್ಳುವುದು ಎರಡನೆಯದನ್ನು. ಜೊತೆಗೆ, ಅಮೆರಿಕದ ವಿಸ್ಕಾನ್ಸಿನ್‌ನ 1,544 ಪ್ರೌಢಶಾಲಾ ಕ್ರೀಡಾಪಟುಗಳ ಅಧ್ಯಯನದಲ್ಲಿ (2017) ಒಂದೇ ಆಟಕ್ಕೆ ಪೂರ್ತಿ ಅಂಟಿಕೊಂಡವರಿಗೆ ಕಾಲಿನ ಗಾಯದ ಅಪಾಯ ಶೇ 85ರಷ್ಟು ಹೆಚ್ಚಿತ್ತು.

ಬಿಸಿಲಿನ ವಿಷಯ ಬೇರೆಯೇ ಲೇಖನ ಬೇಡುತ್ತದೆ. ತಂಪು ಊರೆಂಬ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ, ಕಲಬುರಗಿ, ರಾಯಚೂರುಗಳ ಮಾತು ಬಿಡಿ. ಶಾಖಕ್ಕೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ವಾರದಿಂದಲೇ ಪೂರ್ತಿ ಅವಧಿ ಆಡಿಸುವ ಶಿಬಿರ ಆ ದಿನಗಳನ್ನು ಕೊಡುವುದೇ ಇಲ್ಲ.

ಮತ್ತೆ ಬೆನ್ನಿನ ವಿಷಯಕ್ಕೆ ಬರೋಣ. ಭಾರತ ತಂಡದ ವೇಗಿಗಳಾದ ಜಸ್‌ಪ್ರೀತ್ ಬುಮ್ರಾ ಮತ್ತು ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಇಬ್ಬರೂ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ಗೆ ತುತ್ತಾಗಿ 2023ರ ಐಪಿಎಲ್ ತಪ್ಪಿಸಿಕೊಂಡವರು, ಇಬ್ಬರಿಗೂ ಶಸ್ತ್ರಚಿಕಿತ್ಸೆ ಆಯಿತು, ಇಬ್ಬರೂ ಭಾರತ ತಂಡಕ್ಕೆ ಮರಳಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ಐರ್ಲೆಂಡಿನಲ್ಲಿ ನಡೆದ ಒಂದೇ ಪಂದ್ಯದಲ್ಲಿ. ಅವರ ಗಾಯಕ್ಕೆ ಯಾವ ಶಿಬಿರವೂ ಕಾರಣ ಎನ್ನುತ್ತಿಲ್ಲ. ಫಿಸಿಯೊ, ಎಂಆರ್‌ಐ, ಎಸೆದ ಪ್ರತಿ ಚೆಂಡಿನ ಲೆಕ್ಕ ಎಲ್ಲವೂ ಇರುವ ಪ್ರಬುದ್ಧ ದೇಹಗಳಿಗೇ ಹೀಗಾಗುತ್ತದೆ. ಒಂಬತ್ತನೇ ತರಗತಿಯ ಹುಡುಗನ ಬಳಿ ಇರುವುದು ನೋವಿನ ಸ್ಪ್ರೇ ಮಾತ್ರ.

ಸರ್ಕಾರವೋ ರಾಜ್ಯ ಕ್ರಿಕೆಟ್ ಸಂಸ್ಥೆಯೋ ಓವರ್ ಮಿತಿ ತಂದು ಖಾಸಗಿ ಶಿಬಿರಗಳಿಗೂ ಅನ್ವಯಿಸಬೇಕು. ಅಲ್ಲಿಯವರೆಗೆ ಪೋಷಕರು ಮಾಡಬಹುದಾದ್ದು ಕಷ್ಟದ್ದಲ್ಲ. ಎಷ್ಟು ಗಂಟೆ ಎಂದು ಕೇಳುವ ಬದಲು, ನನ್ನ ಮಗ ದಿನಕ್ಕೆ ಎಷ್ಟು ಚೆಂಡು ಎಸೆಯುತ್ತಾನೆ, ಬರೆದಿಡುವವರು ಯಾರು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಮುಂದಿನ ಶಿಬಿರ ನೋಡಿ. ಉತ್ತರ ಇದ್ದರೂ ಮೊದಲ ವಾರ ಅರ್ಧ ಓಟದಲ್ಲಿ ಕೆಲವೇ ಓವರ್, ಒಂದು ದಿನ ಎಸೆದರೆ ಒಂದು ದಿನ ಬಿಡುವು ಎಂದು ಪಟ್ಟು ಹಿಡಿಯಿರಿ. ಮಿಕ್ಕ ದಿನ ಅವನು ಬ್ಯಾಟ್ ಮಾಡಲಿ, ಈಜಲಿ, ಓಣಿಯಲ್ಲಿ ಕಬಡ್ಡಿ ಆಡಲಿ. ಬೇಸಿಗೆ ಕಳೆದ ಮೇಲೆ ಸೊಂಟದ ಒಂದು ಬದಿಯಲ್ಲಿ ನೋವು, ಹಿಂದಕ್ಕೆ ಬಾಗಿದರೆ ಹೆಚ್ಚಾಗುವ ನೋವು ಕಾಣಿಸಿಕೊಂಡರೆ ಬೌಲಿಂಗ್ ಅಂದೇ ನಿಲ್ಲಿಸಿ, ಮೂಳೆ ವೈದ್ಯರನ್ನು ಕಾಣಿರಿ, ಏಪ್ರಿಲ್‌ನಲ್ಲಿ ಎಷ್ಟು ಎಸೆದಿದ್ದ ಎಂಬುದನ್ನು ತಪ್ಪದೆ ಹೇಳಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಎಂಆರ್‌ಐ ಬೇಕಾದೀತು. ಬಿರುಕು ಬಿಡುವ ಮುನ್ನವೇ ಸಿಕ್ಕಿಬಿದ್ದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಮೂಳೆ ಸರಿಹೋಗುತ್ತದೆ. ನೋವು ನುಂಗಿಕೊಂಡು ಎಸೆಯುತ್ತಲೇ ಹೋದರೆ ಎರಡೂ ಬದಿ ಒಡೆದು, ಮತ್ತೆಂದೂ ಕೂಡಿಕೊಳ್ಳದೆ ಉಳಿಯಬಹುದು.