ಆರದ ಏರ್‌ಬ್ಯಾಗ್ ದೀಪ: ದೋಷದ ಮೂಲ ಹಲವೊಮ್ಮೆ ಸೀಟಿನ ಕೆಳಗೆ

ಕಾರಿನ ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ದೀಪ ಬೆಳಗಬೇಕು. ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಆರಬೇಕು. ವ್ಯವಸ್ಥೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಸುಸ್ಥಿತಿಯಲ್ಲಿರುವುದಾಗಿ ತಿಳಿಸುವ ರೀತಿ ಇದು. ದೀಪ ಆರದೆ ಉಳಿದರೆ ಎಲ್ಲೋ ದೋಷವಿದೆ ಎಂದರ್ಥ. ಇಪ್ಪತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಸಾಮಾನ್ಯ ದೂರು. 1996ರಿಂದ 2004ರವರೆಗೆ ತಯಾರಾದ ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಸ್ಟರ್ ಇದಕ್ಕೆ ಉತ್ತಮ ಉದಾಹರಣೆ.

ಈ ದೀಪದ ಬಗ್ಗೆ ಎರಡು ತಪ್ಪು ಕಲ್ಪನೆಗಳಿವೆ. ಚೀಲ ಯಾವ ಕ್ಷಣದಲ್ಲಾದರೂ ಸಿಡಿದೀತು ಎಂಬ ಭಯ ಒಂದು. ಎಂಜಿನ್ ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂಬ ಉದಾಸೀನ ಇನ್ನೊಂದು. ವಾಸ್ತವ ಬೇರೆಯೇ ಇದೆ. ಏರ್‌ಬ್ಯಾಗಿನ ನಿಯಂತ್ರಣ ಘಟಕ ಪ್ರತಿಯೊಂದು ಚೀಲದ ಹಾಗೂ ಸೀಟ್ ಬೆಲ್ಟ್ ಬಿಗಿಗೊಳಿಸುವ ಸಾಧನದ ವಿದ್ಯುತ್ ಜಾಲವನ್ನು ಸದಾ ಅಳೆಯುತ್ತಿರುತ್ತದೆ. ಚೀಲವನ್ನು ಉಬ್ಬಿಸುವ ಕಿಡಿಬತ್ತಿಯ ರೋಧ ಸಾಮಾನ್ಯವಾಗಿ ಎರಡು ಓಮ್‌ನಷ್ಟು ಮಾತ್ರ. ಇಷ್ಟು ಸಣ್ಣ ಅಳತೆಯಲ್ಲಿ ಒಂದು ಕನೆಕ್ಟರಿನ ಪಿನ್ನಿಗೆ ಹಿಡಿದ ತುಸು ಕಿಲುಬು ಕೂಡ ದೊಡ್ಡ ವ್ಯತ್ಯಾಸವಾಗಿ ಕಾಣುತ್ತದೆ. ಘಟಕ ಕೂಡಲೇ ದೋಷವನ್ನು ದಾಖಲಿಸಿ ದೀಪ ಹೊತ್ತಿಸುತ್ತದೆ. ಅನೇಕ ವ್ಯವಸ್ಥೆಗಳು ಇಂತಹ ಸ್ಥಿತಿಯಲ್ಲಿ ಭಾಗಶಃ ಅಥವಾ ಪೂರ್ತಿಯಾಗಿ ನಿಷ್ಕ್ರಿಯಗೊಳ್ಳುತ್ತವೆ. ಅಂದರೆ ಚೀಲ ಅಕಾರಣವಾಗಿ ಬಿಚ್ಚಿಕೊಳ್ಳುವುದಕ್ಕಿಂತ, ಅಪಘಾತದ ವೇಳೆ ಬಿಚ್ಚಿಕೊಳ್ಳದೇ ಹೋಗುವುದೇ ಹೆಚ್ಚು ಸಂಭವನೀಯ ಅಪಾಯ.

ಹುಡುಕಾಟ ಆರಂಭವಾಗಬೇಕಾದದ್ದು ಬ್ಯಾಟರಿಯಿಂದ. ಇಂತಹ ಕಾರುಗಳು ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದು, ಬಿಡುವಾದಾಗ ಮಾತ್ರ ರಸ್ತೆಗಿಳಿಯುತ್ತವೆ. ಬ್ಯಾಟರಿ ಬಲಹೀನವಾಗಿರುವಾಗ ಸ್ಟಾರ್ಟ್ ಮಾಡಿದರೆ ವೋಲ್ಟೇಜ್ ಕುಸಿದು, ಏರ್‌ಬ್ಯಾಗ್ ಘಟಕ ಅದನ್ನೇ ದೋಷವೆಂದು ದಾಖಲಿಸಿಕೊಳ್ಳುವುದುಂಟು. ಬ್ಯಾಟರಿ ಬದಲಿಸಿದ ಮೇಲೂ ದೀಪ ಆರುವುದಿಲ್ಲ. ಘಟಕದ ನೆನಪಿನಲ್ಲಿರುವ ದೋಷಸಂಕೇತವನ್ನು ಉಪಕರಣದಿಂದ ಅಳಿಸಬೇಕಾಗುತ್ತದೆ. ಇದನ್ನರಿಯದೆ ಸಾವಿರಾರು ರೂಪಾಯಿಯ ಬಿಡಿಭಾಗ ಬದಲಿಸಿದವರಿಗೇನೂ ಕೊರತೆಯಿಲ್ಲ.

ಎರಡನೆಯ ಶಂಕಿತ ಸ್ಥಳ ಸೀಟಿನ ಅಡಿಭಾಗ. ಬಾಕ್ಸ್‌ಸ್ಟರ್‌ನಲ್ಲಿ ಸೀಟ್ ಬೆಲ್ಟಿನ ಬಕಲ್‌ಗೆ ಹೋಗುವ ವೈರುಗಳು ಅಲ್ಲಿನ ಕನೆಕ್ಟರಿನ ಮೂಲಕವೇ ಸಾಗುತ್ತವೆ. ಸೀಟನ್ನು ಹಿಂದೆಮುಂದೆ ಸರಿಸಿದಾಗಲೆಲ್ಲ ವೈರು ಎಳೆದಾಡುತ್ತದೆ. ಮೇಲ್ಛಾವಣಿ ಬಟ್ಟೆಯದಾದ್ದರಿಂದ ಮಳೆನೀರು ಸೋರಿ ನೆಲಹಾಸು ತೇವವಾಗುವುದೂ ಉಂಟು. ವರ್ಷಗಳು ಕಳೆದಂತೆ ಪಿನ್ನುಗಳು ಸಡಿಲವಾಗುತ್ತವೆ, ಕಿಲುಬು ಹಿಡಿಯುತ್ತವೆ. ಬಕಲ್‌ನ ಒಳಗಿನ ಸ್ವಿಚ್ಚೂ ಸವೆಯುತ್ತದೆ. ಸೀಟು ಸರಿಸಿದಾಗ ದೀಪ ಬಂದರೆ ಮೊದಲು ನೋಡಬೇಕಾದದ್ದು ಇಲ್ಲಿಯೇ. ಸ್ವಚ್ಛಗೊಳಿಸಲೆಂದು ಸೀಟು ಬಿಚ್ಚಿದಾಗ ಕನೆಕ್ಟರ್ ಕಳಚಿದ್ದು, ಆ ಸ್ಥಿತಿಯಲ್ಲಿ ಯಾರಾದರೂ ಕೀಲಿ ತಿರುಗಿಸಿದ್ದರೆ ಅಷ್ಟೇ ಸಾಕು, ದೋಷ ದಾಖಲಾಗುತ್ತದೆ. ಆ ಕಾಲದ ಬಿಎಂಡಬ್ಲ್ಯು ಕಾರುಗಳಲ್ಲಿ ಇದೇ ತಾಣದಲ್ಲಿ ಇನ್ನೊಂದು ತೊಂದರೆಯಿದೆ. ಪಕ್ಕದ ಸೀಟಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ಗುರುತಿಸುವ ತೆಳುವಾದ ಸಂವೇದಕ ಹಾಸು ಒತ್ತಡಕ್ಕೆ ಸಿಕ್ಕಿ ತುಂಡಾಗುತ್ತದೆ.

ದೀಪದ ಜೊತೆಗೆ ಹಾರ್ನ್ ಸಹ ಕೈಕೊಟ್ಟಿದ್ದರೆ ಸುಳಿವು ಸ್ಪಷ್ಟ. ಸ್ಟೀರಿಂಗ್ ಚಕ್ರದ ಹಿಂದೆ ಸುರುಳಿಯಾಗಿ ಸುತ್ತಿಕೊಂಡಿರುವ, ಮೆಕ್ಯಾನಿಕ್‌ಗಳು ಕ್ಲಾಕ್ ಸ್ಪ್ರಿಂಗ್ ಎಂದು ಕರೆಯುವ ಪಟ್ಟಿ ಕೇಬಲ್ ತುಂಡಾಗಿರುವ ಸಾಧ್ಯತೆ ಹೆಚ್ಚು.

ಊಹೆಗಿಂತ ಓದು ಮೇಲು. ಆದರೆ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಬಹುತೇಕ ಸ್ಕ್ಯಾನರ್‌ಗಳು ಎಂಜಿನ್ನಿನ ಸಂಕೇತಗಳನ್ನಷ್ಟೇ ಓದಬಲ್ಲವು. ಏರ್‌ಬ್ಯಾಗ್ ಘಟಕದ ಭಾಷೆ ತಯಾರಕರಿಂದ ತಯಾರಕರಿಗೆ ಬೇರೆ. ಪೋರ್ಷೆ ಮಾಲೀಕರು ಇದಕ್ಕಾಗಿ ಡ್ಯೂರಾಮೆಟ್ರಿಕ್‌ನಂತಹ ಪ್ರತ್ಯೇಕ ಉಪಕರಣವನ್ನು ಬಳಸುತ್ತಾರೆ. ಸಂಕೇತವನ್ನು ಬರೆದಿಟ್ಟುಕೊಂಡು, ಅಳಿಸಿ, ಕೆಲ ದಿನ ಓಡಿಸಿ ನೋಡುವುದು ಸರಿಯಾದ ಕ್ರಮ. ಅದೇ ಸಂಕೇತ ಮರಳಿ ಬಂದರೆ ದೋಷ ನಿಜ. ಬಾರದಿದ್ದರೆ ಹಳೆಯ ಬ್ಯಾಟರಿಯ ಕುರುಹು ಎಂದು ಭಾವಿಸಬಹುದು.

ಮನೆಯಲ್ಲೇ ದುರಸ್ತಿಗೆ ಕೈಹಾಕುವವರು ಮಾಡುವ ಅತ್ಯಂತ ಅಪಾಯಕಾರಿ ತಪ್ಪೆಂದರೆ ಚೀಲದ ವೈರುಗಳಿಗೆ ನೇರವಾಗಿ ಮಲ್ಟಿಮೀಟರ್ ಹಿಡಿಯುವುದು. ರೋಧ ಅಳೆಯಲು ಮೀಟರ್ ತನ್ನದೇ ಆದ ಸಣ್ಣ ವಿದ್ಯುತ್ ಪ್ರವಾಹವನ್ನು ಹರಿಸುತ್ತದೆ. ಕಿಡಿಬತ್ತಿಯನ್ನು ಹೊತ್ತಿಸುವುದೂ ವಿದ್ಯುತ್ತೇ. ಚೀಲ ಅರಳುವುದು ಒಂದು ಸೆಕೆಂಡಿನ ಕೆಲವೇ ನೂರನೆಯ ಭಾಗಗಳಲ್ಲಿ. ಅದರ ಮೇಲೆ ಬಾಗಿ ಕುಳಿತವರ ಮುಖ, ಕೈಗಳ ಗತಿ ಊಹಿಸಬಹುದು. ಬ್ಯಾಟರಿ ಕಳಚಿದೊಡನೆ ಕೆಲಸ ಆರಂಭಿಸುವುದೂ ಸಲ್ಲ. ಡಿಕ್ಕಿಯಲ್ಲಿ ಬ್ಯಾಟರಿ ನುಜ್ಜುಗುಜ್ಜಾದರೂ ಚೀಲ ಬಿಚ್ಚಿಕೊಳ್ಳಲೆಂದು ಘಟಕದಲ್ಲಿ ಕೆಪಾಸಿಟರ್ ಒಂದಿಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಬರಿದಾಗಲು ಟೊಯೋಟಾ ಕೈಪಿಡಿಗಳು ಕನಿಷ್ಠ 90 ಸೆಕೆಂಡ್, ಹೋಂಡಾ ಕೈಪಿಡಿಗಳು 3 ನಿಮಿಷ ಕಾಯಲು ಹೇಳುತ್ತವೆ. ಹೆಚ್ಚು ಕಾದರೆ ನಷ್ಟವೇನಿಲ್ಲ. ವೈರಿಂಗ್ ಸರಿಯಾಗಿದೆಯೇ ಎಂದು ತಿಳಿಯಲು ಚೀಲದ ಜಾಗದಲ್ಲಿ ಅಷ್ಟೇ ರೋಧದ ರೆಸಿಸ್ಟರ್ ಜೋಡಿಸಿ ಪರೀಕ್ಷಿಸುವ ವಿಧಾನವನ್ನು ಕಾರ್ಖಾನೆಗಳ ಕೈಪಿಡಿಗಳೇ ಸೂಚಿಸುತ್ತವೆ.

ಅದೇ ರೆಸಿಸ್ಟರ್ ವಂಚನೆಗೂ ಬಳಕೆಯಾಗುತ್ತದೆ. ಬ್ರಿಟನ್ನಿನ ಎಂಒಟಿ ತಪಾಸಣೆಯಲ್ಲಿ ಈ ದೀಪ ಆರದ ಕಾರು ಅನುತ್ತೀರ್ಣವಾಗುತ್ತದೆ. ತಪಾಸಣೆ ದಾಟಿಸಲೋ, ಅಪಘಾತಕ್ಕೊಳಗಾದ ಕಾರನ್ನು ಮಾರಲೋ ಚೀಲವಿಲ್ಲದ ಜಾಗಕ್ಕೆ ರೆಸಿಸ್ಟರ್ ಬೆಸೆದು ದೀಪವನ್ನು ಸುಮ್ಮನಾಗಿಸುವವರಿದ್ದಾರೆ. ಬಲ್ಬನ್ನೇ ಕಿತ್ತೆಸೆಯುವುದು ಇನ್ನೂ ಸುಲಭದ ದಾರಿ. ಆದ್ದರಿಂದ ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ದೀಪ ಹೊತ್ತುವುದೇ ಎಂಬುದನ್ನೂ ಗಮನಿಸಬೇಕು. ಎಂದೂ ಹೊತ್ತದ ದೀಪ ಸದಾ ಹೊತ್ತಿರುವ ದೀಪಕ್ಕಿಂತ ಹೆಚ್ಚು ಅನುಮಾನಾಸ್ಪದ. ಬಿಡಿಸಿ ಕೂರಿಸಿದ ಗುರುತುಳ್ಳ ಸ್ಟೀರಿಂಗ್ ಮುಚ್ಚಳ, ಬಣ್ಣ ಹೊಂದದ ಡ್ಯಾಶ್‌ಬೋರ್ಡ್ ಇವೂ ಗಮನಿಸಬೇಕಾದ ಅಂಶಗಳು.

ದೀಪ ಸರಿಯಾಗಿ ಹೊತ್ತಿ ಆರಿದರೂ ಅದು ಹೇಳಲಾಗದ ಒಂದು ಸಂಗತಿ ಉಳಿಯುತ್ತದೆ. ಘಟಕ ಅಳೆಯುವುದು ವಿದ್ಯುತ್ ಸಂಪರ್ಕವನ್ನು ಮಾತ್ರ. ಚೀಲ ಉಬ್ಬಿಸುವ ರಾಸಾಯನಿಕ ಕೆಟ್ಟಿದೆಯೇ ಎಂಬುದು ಅದಕ್ಕೆ ತಿಳಿಯದು. ಜಪಾನಿನ ತಕಾತ ಕಂಪನಿಯ ಪ್ರಕರಣ ಇದನ್ನು ಜಗತ್ತಿಗೆ ತೋರಿಸಿತು. ಆ ಕಂಪನಿ ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಾಂಶಕ್ಕೆ ಸಿಕ್ಕಿ ಹದಗೆಟ್ಟು, ಉರಿಯುವ ಬದಲು ಸ್ಫೋಟಿಸುತ್ತಿತ್ತು. ಲೋಹದ ಡಬ್ಬಿ ಸಿಡಿದು ಚೂರುಗಳು ಚಾಲಕರತ್ತ ಹಾರುತ್ತಿದ್ದವು. ಅಮೆರಿಕ ಒಂದರಲ್ಲೇ 25ಕ್ಕೂ ಹೆಚ್ಚು ಮಂದಿ ಮೃತಪಟ್ಟರು, ಸುಮಾರು 6.7 ಕೋಟಿ ಉಬ್ಬುಕಗಳನ್ನು ಹಿಂಪಡೆಯುವ ಆದೇಶವಾಯಿತು. 2017ರ ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಹೋಂಡಾ ಎಸ್2000, ಮಾಜ್ಡಾ ಆರ್‌ಎಕ್ಸ್-8ರಂತಹ ಜನಪ್ರಿಯ ಸ್ಪೋರ್ಟ್ಸ್ ಕಾರುಗಳೂ ಆ ಪಟ್ಟಿಯಲ್ಲಿದ್ದವು. ಭಾರತದಲ್ಲಿಯೂ ಹೋಂಡಾ ಹಂತಹಂತವಾಗಿ ಇದೇ ಕಾರಣಕ್ಕೆ ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ದೋಷಪೂರಿತ ಉಬ್ಬುಕವಿರುವ ಕಾರಿನಲ್ಲೂ ಏರ್‌ಬ್ಯಾಗ್ ದೀಪ ಎಂದಿನಂತೆ ಹೊತ್ತಿ, ಎಂದಿನಂತೆ ಆರುತ್ತದೆ. ಕಾರು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಷಾಸಿ ಸಂಖ್ಯೆ ನೀಡಿ ತಯಾರಕರ ಬಳಿಯೇ ವಿಚಾರಿಸಬೇಕು. ಪಟ್ಟಿಯಲ್ಲಿದ್ದರೆ ಭಾಗ ಬದಲಿಸಿಕೊಡಲು ಅವರು ಶುಲ್ಕ ಪಡೆಯುವುದಿಲ್ಲ.