ಪ್ರಾಥಮಿಕ ಶಾಲೆಗಳ ಕಲಿಕಾ ಸಮೀಕ್ಷೆ: ಪೋಷಕರಿಗೆ ಮಾಹಿತಿ

ಕಲಿಕಾ ಸಮೀಕ್ಷೆಯಲ್ಲಿ ತಮ್ಮ ಮಗು ಗಳಿಸಿದ ಅಂಕಗಳನ್ನು ಕೋರಿ ಅರ್ಜಿ ಸಲ್ಲಿಸಲು ಇಚ್ಛಿಸುವ ಪೋಷಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

ಸಮೀಕ್ಷೆಯ ಸ್ವರೂಪ

ರಾಷ್ಟ್ರೀಯ ಸಾಧನಾ ಸಮೀಕ್ಷೆಯನ್ನು 2017 ಹಾಗೂ 2021ರ ನವೆಂಬರ್ ತಿಂಗಳಿನಲ್ಲಿ ನಡೆಸಲಾಯಿತು. ಇದರ ಮುಂದುವರಿಕೆಯಾದ ‘ಪರಖ್’ ರಾಷ್ಟ್ರೀಯ ಸರ್ವೇಕ್ಷಣೆಯು 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆಯಿತು. ದೇಶದ 74,229 ಶಾಲೆಗಳ ಸುಮಾರು 21.15 ಲಕ್ಷ ವಿದ್ಯಾರ್ಥಿಗಳು ಇದರಲ್ಲಿ ಭಾಗವಹಿಸಿದರು. 3ನೇ ತರಗತಿಗೆ ಭಾಷೆ ಮತ್ತು ಗಣಿತ ವಿಷಯಗಳಿದ್ದವು.

ಫಲಿತಾಂಶದ ಅರ್ಥ

ಇದು ಆಯ್ದ ಶಾಲೆಗಳಲ್ಲಿ ಮಾತ್ರ ನಡೆಯುವ ಮಾದರಿ ಸಮೀಕ್ಷೆ. ವರದಿಯು ಜಿಲ್ಲೆ ಮತ್ತು ರಾಜ್ಯದ ಸರಾಸರಿಯನ್ನು ತಿಳಿಸುತ್ತದೆಯೇ ಹೊರತು ವಿದ್ಯಾರ್ಥಿವಾರು ಅಂಕಪಟ್ಟಿಯನ್ನು ನೀಡುವುದಿಲ್ಲ. ಇದರಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದಿಲ್ಲ. ಜಿಲ್ಲೆಯ ಸರಾಸರಿ ಕಡಿಮೆಯಿದೆಯೆಂದು ಒಂದು ಶಾಲೆಯನ್ನು ಕಳಪೆ ಎನ್ನಲಾಗದು. ಸರಾಸರಿ ಉತ್ತಮವಾಗಿದ್ದ ಮಾತ್ರಕ್ಕೆ ಪ್ರತಿಯೊಂದು ಮಗುವೂ ಓದಲು ಕಲಿತಿದೆ ಎಂದು ಭಾವಿಸುವಂತೆಯೂ ಇಲ್ಲ. ತಮ್ಮ ಮಗುವಿನ ಕಲಿಕೆಯನ್ನು ತರಗತಿಯಲ್ಲಿಯೇ ವಿಚಾರಿಸುವುದು ಅವಶ್ಯಕ.

ಪೋಷಕರಿಗಿರುವ ಅವಕಾಶಗಳು

ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ:

1. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಹಾಗೂ ಪೋಷಕರ ಸಭೆ ಕರೆದು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವಾಗಿರುತ್ತದೆ (ಪ್ರಕರಣ 24).

2. ಮಗುವನ್ನು ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸಬಯಸಿದಲ್ಲಿ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ವಿಳಂಬವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 5).

3. ಪ್ರವೇಶಕ್ಕಾಗಿ ಮಗುವಿಗೆ ಆಯ್ಕೆ ಪರೀಕ್ಷೆ ನಡೆಸುವುದು ನಿಷಿದ್ಧ (ಪ್ರಕರಣ 13).

ಪೋಷಕರು ಮೊದಲು ತರಗತಿ ಶಿಕ್ಷಕರನ್ನು, ಬಳಿಕ ಮುಖ್ಯ ಶಿಕ್ಷಕರನ್ನು ಸಂಪರ್ಕಿಸಲು ಕೋರಲಾಗಿದೆ.